ಪರದೆಯ ಮೇಲೆ ಸಮ, ರಸ್ತೆಯಲ್ಲಿ ಮಂಕು: ಹಿಂದೀಪಗಳ ದೋಷ ಎಲ್ಲಿದೆ?

ಮಾನ್ಯ ಸಂಪಾದಕರೇ,

ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಮುಂದಿರುವ ಬೈಕು, ಕಾರುಗಳ ಹಿಂದೀಪಗಳನ್ನು ಸ್ವಲ್ಪ ಗಮನಿಸಿ. ಒಂದೇ ಗೆರೆ ಎಳೆದಂತೆ ಬೆಳಗಬೇಕಾದ ಪಟ್ಟಿ ಕೆಲವು ದೀಪಗಳಲ್ಲಿ ಎಲ್‌ಇಡಿ ಇರುವ ತುದಿಯಲ್ಲಿ ಕಣ್ಣು ಕುಕ್ಕುತ್ತದೆ, ಆಚೆ ತುದಿಗೆ ಹೋಗುವಷ್ಟರಲ್ಲಿ ಸೊರಗಿರುತ್ತದೆ. ಇನ್ನು ಕೆಲವದರಲ್ಲಿ ಎಲ್‌ಇಡಿ ಹತ್ತಿರವೇ ಮಂಕು, ದೂರದ ತುದಿ ಪ್ರಖರ. ಎರಡಕ್ಕೂ ಎಲ್‌ಇಡಿಯನ್ನೋ ಬ್ಯಾಟರಿಯನ್ನೋ ದೂರುವುದು ರೂಢಿ. ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ಎಲ್‌ಇಡಿಯ ಬೆಳಕನ್ನು ಉದ್ದಕ್ಕೂ ಸಾಗಿಸುವ, ಲೈಟ್ ಗೈಡ್ ಎಂಬ ಪಾರದರ್ಶಕ ಅಕ್ರಿಲಿಕ್ ಸರಳಿನ ಬೆನ್ನ ಮೇಲೆ ಕೊರೆದ ಪುಟ್ಟ ಪ್ರಿಸಂ ಹಲ್ಲುಗಳಲ್ಲಿ. ಇಂಥ ದೀಪಗಳ ವಿನ್ಯಾಸವೂ ಅವುಗಳ ಪ್ಲಾಸ್ಟಿಕ್ ಭಾಗಗಳಿಗೆ ಉಕ್ಕಿನ ಅಚ್ಚು ಮಾಡುವ ಕೆಲಸವೂ ನಡೆಯುವ ಊರು ನಮ್ಮದು. ಆದ್ದರಿಂದ ಈ ಮಾತು ಇಲ್ಲೇ ಆಗಬೇಕು.

ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ಕ್ರಾಂತಿಕ ಕೋನ 42.2 ಡಿಗ್ರಿ. ಅಂದರೆ ಮೇಲ್ಮೈಯ ಲಂಬದಿಂದ ಇದಕ್ಕಿಂತ ಹೆಚ್ಚು ವಾಲಿ ಒಳಗಿನಿಂದ ತಾಗಿದ ಬೆಳಕು ಹೊರಬೀಳದೆ ಪೂರ್ತಿ ಒಳಗೇ ಪುಟಿಯುತ್ತದೆ. ಚಪ್ಪಟೆ ತುದಿಯಿಂದ ಒಳಹೊಕ್ಕ ಕಿರಣ ಅಕ್ಷದಿಂದ 42.2 ಡಿಗ್ರಿಗಿಂತ ಹೆಚ್ಚು ವಾಲುವುದಿಲ್ಲ. ಹಾಗಾಗಿ ನೇರ ಸರಳಿನ ಗೋಡೆಯಿಂದ ಅದು ಸೋರದೆ ಪುಟಿಯುತ್ತಾ ಸಾಗುತ್ತದೆ. ಅದನ್ನು ತಡೆದು ನೋಡುಗನ ಕಡೆ ತಿರುಗಿಸುವುದು ಹಲ್ಲಿನ ಕೆಲಸ. ಅಕ್ಷದ ಗುಂಟ ಬಂದ ಕಿರಣ ಸರಿಯಾಗಿ ಎದುರು ಬದಿಗೆ ತಿರುಗುತ್ತದೆಂದು ಹೊಸಬರು ಹಲ್ಲಿನ ಮುಖವನ್ನು 45 ಡಿಗ್ರಿಗೆ ಇಡುತ್ತಾರೆ. ಆದರೆ ಹಲ್ಲಿನ ಕಡೆಗೆ 2.8 ಡಿಗ್ರಿಗಿಂತ ಹೆಚ್ಚು ವಾಲಿ ಬಂದ ಕಿರಣ ಆ ಮುಖವನ್ನು ಹಾಯ್ದು ಹಿಂದಕ್ಕೆ ಹೊರಟೇ ಹೋಗುತ್ತದೆ. ಮುಖವನ್ನು 35 ಡಿಗ್ರಿಗೆ ಇಳಿಸಿದರೆ ಈ ಮಿತಿ 12.8 ಡಿಗ್ರಿಗೆ ಏರುತ್ತದೆ, ಆದರೆ ಅಕ್ಷದ ಕಿರಣ ಹೊರಬೀಳುವಾಗ ಎಲ್‌ಇಡಿಯಿಂದ ಆಚೆಗೆ ಸುಮಾರು 31 ಡಿಗ್ರಿ ವಾಲಿರುತ್ತದೆ. ಹಿಂದಿನ ಸವಾರನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಕೋನ ಆರಿಸಬೇಕು. ಹಿಂದಕ್ಕೆ ಸೋರಿದ ಬೆಳಕನ್ನು ಮರಳಿಸಲು ಬೆನ್ನ ಹಿಂದೆ ಬಿಳಿ ಹೊದಿಕೆ ಬೇಕೇ ಬೇಕು.

ಈಗ ಮೊದಲನೆಯ ದೋಷ. ಹಲ್ಲುಗಳೆಲ್ಲ ಒಂದೇ ಆಳವಿದ್ದರೆ ಪ್ರತಿ ಹಲ್ಲೂ ತನ್ನವರೆಗೆ ಬಂದ ಬೆಳಕಿನಲ್ಲಿ ಒಂದೇ ಪಾಲು ಕೀಳುತ್ತದೆ. ಮೊದಲ ಹಲ್ಲುಗಳಿಗೆ ಹಬ್ಬ, ಕೊನೆಯವಕ್ಕೆ ಉಪವಾಸ. ಎಲ್ಲಕ್ಕೂ ಸಮ ಸಿಗಬೇಕಾದರೆ 100 ಹಲ್ಲುಗಳ ಸಾಲಿನಲ್ಲಿ ಮೊದಲನೆಯದು ನೂರರಲ್ಲಿ ಒಂದು ಪಾಲು ತೆಗೆಯಬೇಕು, 51ನೆಯದು ತನ್ನವರೆಗೆ ಉಳಿದು ಬಂದದ್ದರಲ್ಲಿ ಐವತ್ತರಲ್ಲಿ ಒಂದು, 91ನೆಯದು ಹತ್ತರಲ್ಲಿ ಒಂದು. ಅಂದರೆ ಆಳ ನೇರ ಗೆರೆಯಲ್ಲಿ ಏರಿದರೆ ಸಾಲದು. ಬಹು ದೂರದವರೆಗೆ ನಿಧಾನವಾಗಿ ಏರಿ ಕೊನೆಯಲ್ಲಿ ಕಡಿದಾಗಬೇಕು. ಕೊನೆಯ ಕೆಲವು ಹಲ್ಲುಗಳು ಕೇಳುವಷ್ಟು ಆಳ ಕೊಡಲಾಗುವುದಿಲ್ಲ. ಒಂದಿಷ್ಟು ಬೆಳಕು ವ್ಯರ್ಥವಾಗಿ ತುದಿಯಿಂದ ಹೋಗಲಿ ಎಂದು ಬಿಡುವುದು, ಇಲ್ಲವೇ ಎರಡೂ ತುದಿಗೆ ಎಲ್‌ಇಡಿ ಇಡುವುದು ಜಾಣತನ.

ಎರಡನೆಯ ದೋಷ ಹೆಚ್ಚು ಕಾಡುವಂಥದ್ದು, ಏಕೆಂದರೆ ಅದು ವಿನ್ಯಾಸಕರ ಕಂಪ್ಯೂಟರ್ ಪರದೆಯ ಮೇಲೆ ಕಾಣುವುದೇ ಇಲ್ಲ. ಲೈಟ್‌ಟೂಲ್ಸ್, ಝೀಮ್ಯಾಕ್ಸ್, ಸ್ಪಿಯೋಸ್, ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ಯಾವ ತಂತ್ರಾಂಶವೇ ಇರಲಿ, ಹಲ್ಲನ್ನು ಬ್ಲೇಡಿನ ಅಲಗಿನಷ್ಟು ಚೂಪಾಗಿ ಬರೆಯುತ್ತದೆ. ಅಚ್ಚು ಮಾಡುವ ಪೀಣ್ಯದ ಟೂಲ್ ರೂಮಿನಲ್ಲಿ ಅದೇ ಸಾಲನ್ನು ಅಚ್ಚಿನೊಳಗೆ ಕೂರುವ ಉಕ್ಕಿನ ತುಂಡಿನಲ್ಲಿ (ಇನ್ಸರ್ಟ್) ವೈರ್‌ಕಟ್ ಮಾಡುವಾಗ, ಅಂದರೆ ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಕೊರೆಯುವಾಗ, 0.25 ಮಿ.ಮೀ. ತಂತಿ ಹಾಕಿದರು ಎನ್ನೋಣ. ತಂತಿಯ ಅರ್ಧ ದಪ್ಪ 0.125, ಅದಕ್ಕೆ ಕಿಡಿಯ ಅಂತರ ಸೇರಿ ಒಳಮೂಲೆಯ ದುಂಡು ಸುಮಾರು 0.14 ಮಿ.ಮೀ. ಆಗುತ್ತದೆ. ಅದಕ್ಕಿಂತ ಚೂಪು ಆ ತಂತಿಯಿಂದ ಸಾಧ್ಯವಿಲ್ಲ. ಎಲ್‌ಇಡಿ ಹತ್ತಿರದ ಹಲ್ಲು 0.15 ಮಿ.ಮೀ. ಆಳ ಎಂದರೆ ಅದರ 45 ಡಿಗ್ರಿ ಮುಖದ ಉದ್ದವೇ 0.212 ಮಿ.ಮೀ. ಹಲ್ಲಿಗೆ ಹಲ್ಲು ತಾಗಿಸಿ ಗರಗಸದಂತೆ ಬರೆದಿದ್ದರೆ ನಡುವಿನ ಮೂಲೆ 90 ಡಿಗ್ರಿ. ಒಳಮೂಲೆಯ ಆ ದುಂಡು, ಮುಖದ 0.14 ಮಿ.ಮೀ. ಭಾಗವನ್ನು, ಅಂದರೆ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ. ಹಲ್ಲುಗಳ ನಡುವೆ ಚಪ್ಪಟೆ ಜಾಗ ಬಿಟ್ಟರೆ ಮೂಲೆ 135 ಡಿಗ್ರಿಯಾಗುತ್ತದೆ, ನಷ್ಟ 0.058 ಮಿ.ಮೀ.ಗೆ, ಅಂದರೆ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. ದೂರದ ತುದಿಯಲ್ಲಿ 0.6 ಮಿ.ಮೀ. ಆಳದ ಹಲ್ಲಿಗೆ ಇದೇ ದುಂಡಿನಿಂದ ಆಗುವ ನಷ್ಟ ಶೇ 7 ಮಾತ್ರ.

ಹತ್ತಿರದ ಚಿಕ್ಕ ಹಲ್ಲು ಪರದೆಯಲ್ಲಿ ಹೇಳಿದಷ್ಟು ಬೆಳಕು ತೆಗೆಯುವುದಿಲ್ಲ, ದೂರದ ದೊಡ್ಡ ಹಲ್ಲು ಹೆಚ್ಚುಕಡಿಮೆ ಪೂರ್ತಿ ತೆಗೆಯುತ್ತದೆ, ಜೊತೆಗೆ ಮೊದಲೇ ತೆಗೆಯದೆ ಬಿಟ್ಟದ್ದೂ ಅದರ ಪಾಲಿಗೇ ಬರುತ್ತದೆ. ಹತ್ತಿರ ಮಂಕು, ದೂರ ಪ್ರಖರ ಆಗುವ ಬಗೆ ಇದು. ಅಚ್ಚು ತಯಾರಾದ ಮೇಲೆ ಎಲ್‌ಇಡಿಯ ಕರೆಂಟ್ ಏರಿಸಿದರೆ ಎರಡೂ ತುದಿ ಒಟ್ಟಿಗೆ ಏರುತ್ತವೆ, ತಾರತಮ್ಯ ಹಾಗೇ ಉಳಿಯುತ್ತದೆ. ಪರಿಹಾರ ಸರಳವಾಗಿದೆ: ಟೂಲ್ ರೂಮಿನವರಿಂದ ಮೂಲೆಯ ದುಂಡು ಎಷ್ಟೆಂದು ಕೇಳಿ, ಅದನ್ನು ಮಾದರಿಯಲ್ಲಿ ಹಾಕಿದ ಮೇಲೆಯೇ ಆಳಗಳನ್ನು ಆಪ್ಟಿಮೈಸ್ ಮಾಡುವುದು. 0.1 ಮಿ.ಮೀ. ತಂತಿ ಸಿಗುತ್ತದೆ, ಆದರೆ ಕೆಲಸ ನಿಧಾನ, ದುಬಾರಿ. ಬಾಗಿದ ಗೈಡ್‌ಗಳಿಗೆ ವೈರ್‌ಕಟ್ ಒದಗುವುದಿಲ್ಲ, ಮಿಲ್ಲಿಂಗ್ ಕಟರ್‌ನ ತುದಿಯ ಅಳತೆ ಕೇಳಬೇಕು.

ತಂತ್ರಾಂಶದ ಒಳಗೂ ಬಲೆಗಳಿವೆ. ಕಿರಣಗಳ ಲೆಕ್ಕ ಮೊದಲನೆಯದು. 10 ಲಕ್ಷ ಕಿರಣ ಬಿಟ್ಟು, ಅವನ್ನು ಎಣಿಸಲು 100×100 ಚೌಕಗಳ ರಿಸೀವರ್ ಇಟ್ಟರೆ, ಎಲ್ಲವೂ ತಲುಪಿದರೂ ಚೌಕಕ್ಕೆ 100 ಕಿರಣ, ಬರೀ ಆಕಸ್ಮಿಕದಿಂದಲೇ ಶೇ 10 ಏರುಪೇರು. ಅದನ್ನು ನಿಜವಾದ ಕಲೆ ಎಂದು ತಿಳಿದು ಹಲ್ಲು ತಿದ್ದುತ್ತಾ ಕೂರುವವರಿದ್ದಾರೆ. 300 ಮಿ.ಮೀ. ಗೈಡ್‌ಗೆ ಉದ್ದಕ್ಕೆ 5 ಮಿ.ಮೀ.ನಂತೆ 60 ಭಾಗ ಸಾಕು, ಅಷ್ಟೇ ಕಿರಣಗಳಲ್ಲಿ ಏರುಪೇರು ಶೇ 1ರ ಹತ್ತಿರ ಬರುತ್ತದೆ. ಗೈಡ್‌ನ ಮೈಗೆ ಅಂಟಿಸಿದ ರಿಸೀವರ್ ಎಲ್ಲ ದಿಕ್ಕಿನ ಬೆಳಕನ್ನೂ ಎಣಿಸುತ್ತದೆ, ಕಣ್ಣು ಹಾಗಲ್ಲ. ಕಣ್ಣಿನ ಜಾಗದಿಂದ ಲ್ಯೂಮಿನೆನ್ಸ್, ಅಂದರೆ ಆ ದಿಕ್ಕಿನಿಂದ ಕಾಣುವ ಪ್ರಖರತೆ, ನೋಡಿ, ಎಡಬಲಕ್ಕೆ 10, 20 ಡಿಗ್ರಿ ಸರಿದು ಮತ್ತೆ ನೋಡಬೇಕು.

ವಸ್ತುವಿನ ಗುಣ ತುಂಬುವಾಗ ಆಗುವ ತಪ್ಪು ಇನ್ನೂ ದೊಡ್ಡದು. ‘3 ಮಿ.ಮೀ.ಗೆ ಶೇ 92 ಪಾರಕತೆ’ ಎಂದು ಅಕ್ರಿಲಿಕ್ ತಯಾರಕರ ಮಾಹಿತಿ ಪತ್ರದಲ್ಲಿ ಬರೆದಿರುತ್ತದೆ. ಆ ಶೇ 8 ನಷ್ಟ ಬಹುತೇಕ ಎರಡು ಮೇಲ್ಮೈಗಳ ಪ್ರತಿಫಲನ, ತಲಾ ಶೇ 4ರ ಹತ್ತಿರ. ಅದನ್ನೇ ಒಳಗಿನ ಹೀರಿಕೆ ಎಂದು ತುಂಬಿದರೆ 300 ಮಿ.ಮೀ. ದಾಟುವಷ್ಟರಲ್ಲಿ ಲಕ್ಷಕ್ಕೆ 24 ಪಾಲು ಉಳಿಯುತ್ತದೆ! ಎಲ್‌ಇಡಿ ತಯಾರಕರು ಕೊಡುವ ಕಿರಣ ಫೈಲಿನಲ್ಲಿ ಕಿರಣಗಳು ಹೊರಡುವ ಜಾಗ ಗೈಡ್‌ನ ಒಳಗೆ ಸಿಕ್ಕಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಿಕ್ಕಿದ್ದರೆ ಅವು ವಕ್ರೀಭವನವಿಲ್ಲದೆ ಪ್ಲಾಸ್ಟಿಕ್ಕಿನಲ್ಲೇ ಹುಟ್ಟಿದಂತಾಗಿ ಲೆಕ್ಕವೇ ಕೆಡುತ್ತದೆ.

ಬೆಂಗಳೂರಿನ ಹವೆಯಲ್ಲಿ ಪರೀಕ್ಷಿಸಿದ ದೀಪ ರಾಜಸ್ಥಾನದ ಬೇಸಿಗೆಗೂ ಹೋಗುತ್ತದೆ. 300 ಮಿ.ಮೀ. ಅಕ್ರಿಲಿಕ್ ಸರಳು 40 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ 0.8 ಮಿ.ಮೀ.ಗಿಂತ ಹೆಚ್ಚು ಬೆಳೆಯುತ್ತದೆ. ಎಲ್‌ಇಡಿಗೂ ಗೈಡ್‌ಗೂ 0.5 ಮಿ.ಮೀ. ಸಂದು ಬಿಟ್ಟು ದೂರದ ತುದಿಯನ್ನು ಬಿಗಿದರೆ ಸರಳು ಹೋಗಿ ಎಲ್‌ಇಡಿಯನ್ನೇ ಒತ್ತುತ್ತದೆ. ಬಿಗಿಯಬೇಕಾದದ್ದು ಎಲ್‌ಇಡಿಯ ಕಡೆ. ಆಚೆ ತುದಿ ಸಡಿಲವಾಗಿರಲಿ.

ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಿಂದ ಅಚ್ಚಿನ ಕೆಲಸ ಕಲಿಸುತ್ತಿದೆ, ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ) 1962ರಷ್ಟು ಹಳೆಯ ಸಂಸ್ಥೆ. ಕಿರಣ ಬಿಡುವವರು ಒಂದು ಕಟ್ಟಡದಲ್ಲಿ, ಉಕ್ಕು ಕೊರೆಯುವವರು ಇನ್ನೊಂದರಲ್ಲಿ ಕೂರುವುದು ತಪ್ಪಬೇಕು. ಇಂಥ ಸಂಸ್ಥೆಗಳು ಎಂಜಿನಿಯರಿಂಗ್ ಕಾಲೇಜುಗಳೊಂದಿಗೆ ಸೇರಿ ಪ್ರಿಸಂ ಅಚ್ಚಿನ ಬಗ್ಗೆ ಕನ್ನಡದಲ್ಲೇ ಒಂದು ಕಿರು ತರಬೇತಿ ನಡೆಸಬೇಕೆಂದು ನಮ್ಮ ಮನವಿ. ದೀಪದ ಕಂಪನಿಗಳು ಇವತ್ತೇ ಮಾಡಬಹುದಾದದ್ದೂ ಒಂದಿದೆ: ಗೈಡ್‌ನ ಪ್ರತಿ ಡ್ರಾಯಿಂಗ್‌ನಲ್ಲಿ ಹಲ್ಲಿನ ಆಳ, ಕೋನದ ಪಕ್ಕದಲ್ಲಿ ‘ಮೂಲೆಯ ದುಂಡು’ ಎಂಬ ಕಾಲಂ ಸೇರಿಸಿ, ಅದನ್ನು ಟೂಲ್ ರೂಮಿನವರೇ ತುಂಬಿ ಸಹಿ ಹಾಕುವಂತೆ ಮಾಡುವುದು.

— ದೀಪ ವಿನ್ಯಾಸ ಮತ್ತು ಅಚ್ಚಿನ ಕೆಲಸದ ಕೆಲವರು, ಪೀಣ್ಯ, ಬೆಂಗಳೂರು