ಕ್ಲಿನಿಕ್‌ಗೆ ವರ್ಷ ತುಂಬಿತು, ನಿಮಗೆಲ್ಲ ಧನ್ಯವಾದ

ಕಾಲಿನ ಆಳದ ಅಭಿಧಮನಿಗಳಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳು) ರಕ್ತ ಹೆಪ್ಪುಗಟ್ಟಿದವರನ್ನು ನೋಡುವ ನಮ್ಮ ಕ್ಲಿನಿಕ್‌ಗೆ ಈ ವಾರ ವರ್ಷ ತುಂಬಿತು. ಕೈಜೋಡಿಸಿದ ಎಲ್ಲರಿಗೂ ತಂಡದ ನಮಸ್ಕಾರ.

ಮೊದಲು ಡಾಪ್ಲರ್ (ರಕ್ತನಾಳಗಳ ಅಲ್ಟ್ರಾಸೌಂಡ್ ಸ್ಕ್ಯಾನ್) ಕೋಣೆಯವರಿಗೆ. ತೊಡೆಸಂದಿಯಿಂದ ಮಂಡಿಯ ಹಿಂಭಾಗದವರೆಗೆ ಒಂದೆರಡು ಸೆಂಟಿಮೀಟರಿಗೊಮ್ಮೆ ಪ್ರೋಬ್ ಒತ್ತಿ ನೋಡಬೇಕು. ಹೆಪ್ಪಿಲ್ಲದ ಅಭಿಧಮನಿ ಒತ್ತಿದ ಕೂಡಲೇ ಪೂರ್ತಿ ಮುಚ್ಚಿಕೊಳ್ಳುತ್ತದೆ, ಪಕ್ಕದ ಅಪಧಮನಿ ಮಾತ್ರ ದುಂಡಗೆ ಮಿಡಿಯುತ್ತಿರುತ್ತದೆ. ಹೆಪ್ಪಿದ್ದರೆ ಎಷ್ಟು ಒತ್ತಿದರೂ ಅಭಿಧಮನಿ ಮುಚ್ಚದು. ಪರದೆಯ ಮೇಲೆ ರಕ್ತದ ಹರಿವು ತೋರಿಸುವ ಬಣ್ಣವನ್ನಷ್ಟೇ ನಂಬಿದರೆ ಗೋಡೆಗೆ ಅಂಟಿದ ಸಣ್ಣ ಹೆಪ್ಪು ಕಣ್ತಪ್ಪುತ್ತದೆ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ನೀವು ಒತ್ತುವುದನ್ನು ಬಿಡಲಿಲ್ಲ. ಮೀನಖಂಡ ಸರಿಯಾಗಿ ಕಾಣದಿದ್ದಾಗ ಬರೀ ‘ನಾರ್ಮಲ್’ ಎನ್ನದೆ, ‘ವಾರ ಬಿಟ್ಟು ಮತ್ತೆ ಸ್ಕ್ಯಾನ್’ ಎಂದು ಬರೆದಿರಿ. ಆ ಒಂದು ಸಾಲಿನ ಬೆಲೆ ನಮಗೆ ಗೊತ್ತು.

ತುರ್ತು ವಿಭಾಗದ ಕಿರಿಯ ವೈದ್ಯರೇ, ಟೇಪ್ ಹಿಡಿದು ಎರಡೂ ಮೀನಖಂಡ ಅಳೆದಿರಿ, ವೆಲ್ಸ್ ಅಂಕ (ಹೆಪ್ಪು ಇರುವ ಸಾಧ್ಯತೆ ಎಷ್ಟೆಂದು ಲಕ್ಷಣ ನೋಡಿ ಎಣಿಸುವುದು) ಹಾಕಿದಿರಿ. 2 ಅಥವಾ ಹೆಚ್ಚು ಬಂದವರನ್ನು ನೇರವಾಗಿ ಸ್ಕ್ಯಾನಿಗೆ ಕಳಿಸಿದಿರಿ. ಬಾಣಂತಿಯರಲ್ಲಿ, ಆಪರೇಷನ್ ಆದವರಲ್ಲಿ ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತದಲ್ಲಿ ಸಿಗುವ ಅಂಶ) ಹೇಗೂ ಏರಿರುತ್ತದೆ. ಅದು ಏರಿದೆ ಎಂದ ಮಾತ್ರಕ್ಕೆ ಹೆಪ್ಪು ಇದೆ ಎಂದಲ್ಲ.

ಲ್ಯಾಬಿನವರೇ, ನೀಲಿ ಮುಚ್ಚಳದ ಟ್ಯೂಬಿನಲ್ಲಿ 0.3 ಮಿ.ಲೀ. ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇದ್ದರೆ ರಕ್ತ 2.7 ಮಿ.ಲೀ. ಬೇಕೇ ಬೇಕು. ಗೆರೆಗಿಂತ ಕೆಳಗೆ ನಿಂತರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಸುಳ್ಳೇ ಏರುತ್ತದೆ. ಅದನ್ನು ನಂಬಿ, ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆಯ ಪ್ರಮಾಣ ಇಳಿಸಿದರೆ ಹೆಪ್ಪು ಬೆಳೆಯಬಹುದು. ಅಂಥ ಟ್ಯೂಬನ್ನು ವಾಪಸ್ ಕಳಿಸಿದ್ದಕ್ಕೆ ಬೈಸಿಕೊಂಡವರು ನೀವು. ನಿಮ್ಮದೇ ಸರಿ.

ಔಷಧಿ ಅಂಗಡಿಯ ಗೆಳೆಯರು ಹೆಪ್ಪು ತಡೆಯುವ ಇನ್ನೊಂದು ಮಾತ್ರೆಯಾದ ರಿವರೋಕ್ಸಬಾನ್ ಕವರಿನ ಮೇಲೆ ಕನ್ನಡದಲ್ಲೇ ಬರೆದುಕೊಟ್ಟರು: 21 ದಿನ 15 ಮಿ.ಗ್ರಾಂ. ದಿನಕ್ಕೆರಡು ಸಲ, 22ನೇ ದಿನದಿಂದ 20 ಮಿ.ಗ್ರಾಂ. ಒಂದೇ ಸಲ, ಎರಡೂ ಊಟದ ಜೊತೆಗೆ. ಖಾಲಿ ಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಾವು ಇಳಿಯಿತೆಂದು ಮಾತ್ರೆ ಬಿಡುವವರೇ ಹೆಚ್ಚು; ಕನಿಷ್ಠ ಮೂರು ತಿಂಗಳು ಬೇಕೆಂದು ಕೌಂಟರಿನಲ್ಲೇ ತಿಳಿಹೇಳಿದಿರಿ.

ಇನ್ನು ಮನೆಯವರು. ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು, ಹೆಪ್ಪು ಕಿತ್ತು ಹೋದೀತು ಎಂದಾಗ, ತಲೆಮಾರುಗಳ ಅಭ್ಯಾಸವನ್ನು ಅಜ್ಜಿಯರು ನಮ್ಮ ಮಾತಿಗೆ ಬಿಟ್ಟುಕೊಟ್ಟರು. ವಾರ್ಫರಿನ್ ತಗೊಳ್ಳುವವರಿಗೆ ಸೊಪ್ಪು (ಅದರ ವಿಟಮಿನ್ ಕೆ ಈ ಮಾತ್ರೆಯ ಬಲ ಕುಗ್ಗಿಸುತ್ತದೆ) ಪೂರ್ತಿ ಬಿಡಿಸದೆ, ಒಂದು ವಾರ ರಾಶಿ ಇನ್ನೊಂದು ವಾರ ಇಲ್ಲ ಅನ್ನಿಸದೆ, ಒಂದೇ ಅಳತೆಯಲ್ಲಿ ಬಡಿಸಿದಿರಿ. ಏಕಾಏಕಿ ಉಸಿರು ಕಟ್ಟಿದಾಗ, ಎದೆ ಚುಚ್ಚಿದಾಗ (ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು), ನಮ್ಮ ಓಪಿಡಿ ದಿನಕ್ಕೆ ಕಾಯದೆ ನಡುರಾತ್ರಿಯಲ್ಲೇ ತುರ್ತು ವಿಭಾಗಕ್ಕೆ ಕರೆತಂದವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ.