ಬ್ರೆಕ್ಸಿಟ್: ಓಟು ಹಾಕಿದ ಜನರನ್ನು ಬೈದು ಪ್ರಯೋಜನವಿಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ವಿಷಯ ಬಂದಾಗಲೆಲ್ಲ ನಮ್ಮ ಕನ್ನಡದ ಓದುಗರಲ್ಲಿ ಅನೇಕರು ಒಂದೇ ಮಾತು ಬರೆಯುತ್ತಾರೆ. ಇನ್ನೂರು ವರ್ಷ ನಮ್ಮನ್ನು ಆಳಿದವರಿಗೆ ತಕ್ಕ ಶಾಸ್ತಿಯಾಯಿತು, ಅನುಭವಿಸಲಿ ಅಂತ. ಬಹಳ ಕಾಲದಿಂದ ಇಂಗ್ಲೆಂಡಿನಲ್ಲಿ ಬದುಕುತ್ತಿರುವ ನನಗೆ ಅದನ್ನು ಓದಿದರೆ ಬೇಜಾರಾಗುತ್ತದೆ. ದುಡ್ಡಿದ್ದವರು ಹೇಗೋ ದಾರಿ ಮಾಡಿಕೊಂಡರು. ಅನುಭವಿಸುತ್ತಿರುವುದು ಮೀನು ಹಿಡಿಯುವವರು, ಲಾರಿ ಓಡಿಸುವವರು, ಚೀಸ್ ಮಾಡಿ ಫ್ರಾನ್ಸಿಗೆ ಕಳಿಸುತ್ತಿದ್ದ ಸಣ್ಣ ವ್ಯಾಪಾರಿಗಳು. ಇವರ ಸಿಟ್ಟು ಎಂಥದ್ದು, ಯಾರ ಮೇಲೆ ಅಂತ ನಮ್ಮ ಪತ್ರಿಕೆಗಳಲ್ಲಿ ಸರಿಯಾಗಿ ಬಂದಿಲ್ಲ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

2016ರ ಜೂನ್ 23ರಂದು ನಡೆದ ಬ್ರೆಕ್ಸಿಟ್ ಜನಮತದಲ್ಲಿ ನಾನೂ ಓಟು ಹಾಕಿದೆ. ನನ್ನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದರೆ ಆ ಜನಮತದಲ್ಲಿ ಓಟು ಹಾಕಬಹುದಿತ್ತು. ಆದರೆ ಹತ್ತಾರು ವರ್ಷಗಳಿಂದ ಇಲ್ಲೇ ದುಡಿದು ತೆರಿಗೆ ಕಟ್ಟಿದ ಪೋಲೆಂಡಿನವರಿಗೆ, ಇಟಲಿಯವರಿಗೆ, ಫ್ರಾನ್ಸಿನವರಿಗೆ ಆ ಹಕ್ಕು ಇರಲಿಲ್ಲ. ಯಾರ ಬದುಕು ಬುಡಮೇಲಾಗಲಿತ್ತೋ ಅವರನ್ನೇ ಕೇಳಲಿಲ್ಲ, ನನ್ನನ್ನು ಕೇಳಿದರು. ನಾನು ಇರೋಣ ಅಂತಲೇ ಗುರುತು ಹಾಕಿದೆ.

ಆ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ. ಬಿಟ್ಟರೆ ಹೇಗೆ ಬಿಡುವುದು ಅಂತ ಒಂದು ಅಕ್ಷರ ಇರಲಿಲ್ಲ. ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯೊಳಗೆ ಇರಬಹುದು. ಟರ್ಕಿಯ ಹಾಗೆ ಸುಂಕದ ಒಪ್ಪಂದ ಮಾತ್ರ ಇಟ್ಟುಕೊಳ್ಳಬಹುದು. ಕೆನಡಾದ ಹಾಗೆ ದೂರದಿಂದ ವ್ಯಾಪಾರ ಮಾಡಬಹುದು. ಯಾವ ಒಪ್ಪಂದವೂ ಇಲ್ಲದೆ ಎದ್ದು ಹೋಗಲೂಬಹುದು. ಬಿಡೋಣ ಅಂದ 1.74 ಕೋಟಿ ಜನರಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಇತ್ತು, ಮತ್ತು ಓಟು ಕೇಳಿಕೊಂಡು ಬಂದವರು ಎಲ್ಲರಿಗೂ ಹೌದು, ನಿಮಗೆ ಬೇಕಾದದ್ದೇ ಸಿಗುತ್ತದೆ ಅಂತ ತಲೆಯಾಡಿಸಿದರು. ಇರೋಣ ಅಂದವರು 1.61 ಕೋಟಿ. 51.9%ಕ್ಕೆ 48.1%. ಅಂತರ ಅಷ್ಟೇ.

ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿ ಊರೂರು ಸುತ್ತಿದ್ದು ನಿಮ್ಮ ಓದುಗರಿಗೂ ನೆನಪಿರಬಹುದು. ಆ ಲೆಕ್ಕ ಜನರ ದಾರಿ ತಪ್ಪಿಸುತ್ತದೆ ಅಂತ ದೇಶದ ಅಂಕಿಅಂಶಗಳ ಪ್ರಾಧಿಕಾರವೇ ಮತದಾನಕ್ಕೆ ಮೊದಲೇ ಹೇಳಿತ್ತು. ಬಸ್ಸು ಮಾತ್ರ ನಿಲ್ಲಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಜನ ಬಿಡೋಣ ಅಂದರೆ ಏನು ಮಾಡುವುದು ಅಂತ ತಯಾರಿ ಮಾಡಿಕೊಳ್ಳಲು ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರ ಸರ್ಕಾರ ಅಧಿಕಾರಿಗಳಿಗೆ ಬಿಡಲೇ ಇಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ ಆಮೇಲೆ ಇದನ್ನು ಘೋರ ನಿರ್ಲಕ್ಷ್ಯ ಅಂತ ಕರೆಯಿತು. ದೇಶವನ್ನೇ ಕೇಳುವಷ್ಟು ದೊಡ್ಡ ಪ್ರಶ್ನೆ ಕೇಳಿ, ಎರಡು ಉತ್ತರಗಳಲ್ಲಿ ಒಂದಕ್ಕೆ ಒಂದು ಹಾಳೆಯಷ್ಟೂ ಯೋಜನೆ ಇಟ್ಟುಕೊಳ್ಳದವರು, ಫಲಿತಾಂಶ ಬಂದ ಬೆಳಿಗ್ಗೆ ರಾಜೀನಾಮೆ ಘೋಷಿಸಿ ಹೊರಟರು. ಉಳಿದವರು ಮೂರೂವರೆ ವರ್ಷ ಕತ್ತಲೆಯಲ್ಲಿ ತಡಕಾಡಿದರು.

2019 ನೆನೆಸಿಕೊಂಡರೆ ಈಗಲೂ ತಲೆ ಕೆಡುತ್ತದೆ. ಕ್ಯಾಮರಾನ್ ನಂತರ ಪ್ರಧಾನಿಯಾದ ತೆರೇಸಾ ಮೇ ಒಕ್ಕೂಟದ ಜೊತೆ ಮಾಡಿಕೊಂಡು ತಂದ ಒಪ್ಪಂದ ಸಂಸತ್ತಿನಲ್ಲಿ ಜನವರಿಯಲ್ಲಿ 432-202 ಮತಗಳಿಂದ ಬಿತ್ತು, ಮಾರ್ಚಿನಲ್ಲಿ ಮತ್ತೆ ಎರಡು ಸಲ ಬಿತ್ತು. ಸರಿ, ನಿಮಗೆ ಏನು ಬೇಕು ಹೇಳಿ ಅಂತ ಸಂಸದರ ಮುಂದೆ ಎಂಟು ದಾರಿಗಳನ್ನು ಇಟ್ಟರೆ ಎಂಟಕ್ಕೂ ಬೇಡ ಅಂದರು. ಮಾರ್ಚ್ 29ಕ್ಕೆ ಹೊರಡಬೇಕಿದ್ದ ದೇಶ ಏಪ್ರಿಲ್ 12 ಅಂದಿತು, ಆಮೇಲೆ ಅಕ್ಟೋಬರ್ 31, ಕೊನೆಗೆ 2020ರ ಜನವರಿ 31. ಈ ನಡುವೆ, ಬಿಡಲು ಹೊರಟ ಒಕ್ಕೂಟದ ಸಂಸತ್ತಿಗೇ ಚುನಾವಣೆ ಬೇರೆ ನಡೆಸಬೇಕಾಯಿತು. ಇದೆಲ್ಲ ರದ್ದು ಮಾಡಿ ಅಂತ 60 ಲಕ್ಷಕ್ಕೂ ಹೆಚ್ಚು ಜನ ಒಂದು ಮನವಿಗೆ ಸಹಿ ಹಾಕಿದರು. ಇನ್ನೊಂದು ಕಡೆ, ನಾವು ಓಟು ಹಾಕಿ ಮೂರು ವರ್ಷವಾಯಿತು, ಇನ್ನೂ ಯಾಕೆ ಎಳೆದಾಡುತ್ತೀರಿ ಅಂತ ಬಿಡೋಣ ಅಂದವರೂ ಬೀದಿಗಿಳಿದರು. ಇಬ್ಬರ ಸಿಟ್ಟೂ ನ್ಯಾಯವಾಗಿಯೇ ಇತ್ತು. ಮೇ ಜಾಗಕ್ಕೆ ಪ್ರಧಾನಿಯಾಗಿ ಬೋರಿಸ್ ಜಾನ್ಸನ್ ಬಂದು ಸಂಸತ್ತನ್ನೇ ಐದು ವಾರ ಮುಚ್ಚಲು ಹೊರಟಾಗ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರೂ ಒಂದೇ ದನಿಯಲ್ಲಿ ಅದು ಕಾನೂನುಬಾಹಿರ ಅಂದರು.

ಉತ್ತರ ಐರ್ಲೆಂಡಿನ ಜನರ ಪಾಡು ಇನ್ನೂ ಕಷ್ಟದ್ದು. ಅಲ್ಲಿ 55.8% ಜನ ಇರೋಣ ಅಂದಿದ್ದರು. ಐರ್ಲೆಂಡ್ ದ್ವೀಪದ ಈ ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಒಕ್ಕೂಟದಲ್ಲೇ ಇರುವ ಬೇರೆ ದೇಶ. ಇವೆರಡರ ನಡುವೆ ಸುಮಾರು 500 ಕಿಲೋಮೀಟರ್ ಗಡಿ ಇದೆ. ಮೂರು ದಶಕಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ, 1998ರ ಶಾಂತಿ ಒಪ್ಪಂದದ ನಂತರ ಆ ಗಡಿಯಲ್ಲಿ ತಪಾಸಣೆ ಇಲ್ಲ, ಸೈನಿಕರಿಲ್ಲ. ಗಡಿಯ ಒಂದು ಕಡೆ ಒಕ್ಕೂಟದ ಒಳಗೆ, ಇನ್ನೊಂದು ಕಡೆ ಹೊರಗೆ ಅಂತಾದರೆ ಸಾಮಾನನ್ನು ಎಲ್ಲೋ ಒಂದು ಕಡೆ ತಪಾಸಣೆ ಮಾಡಲೇಬೇಕು. ಇದೇನು ಯಾರಿಗೂ ಹೊಳೆಯದ ವಿಷಯವಾಗಿರಲಿಲ್ಲ. ಬೇರೆ ಬೇರೆ ಪಕ್ಷದ ಇಬ್ಬರು ಮಾಜಿ ಪ್ರಧಾನಿಗಳು, ಜಾನ್ ಮೇಜರ್ ಮತ್ತು ಟೋನಿ ಬ್ಲೇರ್, ಮತದಾನಕ್ಕೆ ಎರಡು ವಾರ ಮುಂಚೆ ಉತ್ತರ ಐರ್ಲೆಂಡಿನ ಡೆರಿ ನಗರಕ್ಕೆ ಹೋಗಿ ಇದನ್ನೇ ಎಚ್ಚರಿಸಿದ್ದರು. ಹೆದರಿಸುತ್ತಿದ್ದಾರೆ ಅಂತ ತಳ್ಳಿಹಾಕಿದರು. ಕೊನೆಗೆ ತಪಾಸಣೆ ಬಂದು ಕೂತದ್ದು ಬ್ರಿಟನ್ನಿನ ಉಳಿದ ಭಾಗಕ್ಕೂ ಉತ್ತರ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ. ಅಂದರೆ ಒಂದೇ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಸಾಮಾನು ಕಳಿಸಲು ಕಾಗದಪತ್ರ ಬೇಕು. ಇದನ್ನು ವಿರೋಧಿಸಿ ಅಲ್ಲಿನ ಒಂದು ದೊಡ್ಡ ಪಕ್ಷ ಹೊರನಡೆದಾಗ, 2022ರಿಂದ ಎರಡು ವರ್ಷ ಉತ್ತರ ಐರ್ಲೆಂಡಿಗೆ ತನ್ನದೇ ಆದ ಸರ್ಕಾರ ಇರಲಿಲ್ಲ. 2023ರಲ್ಲಿ ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ ವಿಂಡ್ಸರ್ ಒಪ್ಪಂದದಿಂದ ಈ ತಪಾಸಣೆ ಸ್ವಲ್ಪ ಹಗುರಾಗಿದೆ, ಅಷ್ಟೇ.

ಈಗ ಬಿಡೋಣ ಅಂದ ಊರುಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮೂರ್ಖರು ಅಂತ ಬೈಸಿಕೊಳ್ಳುವವರು ಅವರೇ. ಸಂಡರ್‌ಲ್ಯಾಂಡಿನಲ್ಲಿ 61% ಜನ ಬಿಡೋಣ ಅಂದರು. ಹಡಗು ಕಟ್ಟುವ ಕೆಲಸ ಹೋಗಿ, ಕಲ್ಲಿದ್ದಲ ಗಣಿ ಮುಚ್ಚಿ, ಲಂಡನ್ನಿನ ಸಿರಿ ತಮ್ಮ ಕಡೆ ತಿರುಗಿಯೂ ನೋಡದೆ ಹೋದ ಊರು ಅದು. ಗ್ರಿಮ್ಸ್‌ಬಿ ಒಂದು ಕಾಲದಲ್ಲಿ ದೇಶದ ಅತಿ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಅಲ್ಲಿ ಹತ್ತರಲ್ಲಿ ಏಳು ಜನ ಬಿಡೋಣ ಅಂದರು. ಈಗ ಹೇಗಿದ್ದೇವೋ ಹಾಗೇ ಮುಂದುವರಿದರೆ ನಮಗೆ ಏನೂ ಇಲ್ಲ ಅಂತ ಗೊತ್ತಿದ್ದವರು ಬದಲಾವಣೆಗೆ ಓಟು ಹಾಕಿದ್ದರಲ್ಲಿ ಮೂರ್ಖತನ ಎಲ್ಲಿಂದ ಬಂತು?

ಅವರಿಗೆ ಸಿಕ್ಕಿದ್ದು ನೋಡಿ. ನಮ್ಮ ನೀರು, ನಮ್ಮ ಮೀನು ಅಂತ ಮೀನುಗಾರರಿಗೆ ಮಾತು ಕೊಟ್ಟಿದ್ದರು. ಒಕ್ಕೂಟದ ಜೊತೆ 2020ರ ಡಿಸೆಂಬರ್ 24ರಂದು ಆದ ವ್ಯಾಪಾರ ಒಪ್ಪಂದದಲ್ಲಿ ಬಂದದ್ದು, ಬ್ರಿಟನ್ ನೀರಿನಲ್ಲಿ ಯುರೋಪಿನ ದೋಣಿಗಳು ಹಿಡಿಯುತ್ತಿದ್ದ ಪಾಲಿನ ಕಾಲು ಭಾಗ, ಅದೂ ಹಂತಹಂತವಾಗಿ. 2026ರಲ್ಲಿ ಮತ್ತೆ ಮಾತಾಡೋಣ ಅಂದಿದ್ದರು. 2025ರ ಮೇ ತಿಂಗಳಲ್ಲಿ ಈಗಿನ ಸರ್ಕಾರ ಯುರೋಪಿನ ದೋಣಿಗಳಿಗೆ 2038ರವರೆಗೆ ಅವಕಾಶ ಮುಂದುವರಿಸಲು ಒಪ್ಪಿತು. ಚಿಪ್ಪುಮೀನು ಹಿಡಿಯುವವರದ್ದು ಇನ್ನೂ ಕೆಟ್ಟ ಕತೆ. ಒಕ್ಕೂಟದ ಹೊರಗಿನ ದೇಶ ಆದ ತಕ್ಷಣ, ಅನೇಕ ಕಡೆಯ ಚಿಪ್ಪುಮೀನನ್ನು ಶುದ್ಧೀಕರಿಸದೆ ಜೀವಂತವಾಗಿ ಯುರೋಪಿಗೆ ಕಳಿಸುವ ಹಾಗೇ ಇಲ್ಲ ಅಂತಾಯಿತು. ಅವರ ಮುಖ್ಯ ಗಿರಾಕಿಗಳು ಇದ್ದದ್ದೇ ಅಲ್ಲಿ.

ಇನ್ನೊಂದು ಅನ್ಯಾಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 2021ರ ಜನವರಿ 1ರಿಂದಲೇ ಯುರೋಪ್ ತನ್ನ ಗಡಿಯಲ್ಲಿ ಬ್ರಿಟನ್ನಿನ ಮಾಂಸ, ಹಾಲು, ಮೀನಿನ ಪದಾರ್ಥಗಳಿಗೆ ಆರೋಗ್ಯ ಪ್ರಮಾಣಪತ್ರ, ಪಶುವೈದ್ಯರ ಸಹಿ ಎಲ್ಲ ಕೇಳಲು ಶುರುಮಾಡಿತು. ಬ್ರಿಟನ್ ಮಾತ್ರ ಅಲ್ಲಿಂದ ಬರುವ ಆಹಾರದ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ 2024ಕ್ಕೆ ತಂದಿತು. ಮೂರು ವರ್ಷ ಇಲ್ಲಿನ ಸಣ್ಣ ವ್ಯಾಪಾರಿ ಪ್ರತಿ ಸರಕಿಗೂ ದುಡ್ಡು ಸುರಿದು ಕಾಗದ ತುಂಬಿದ, ಅವನ ಎದುರಾಳಿಯ ಸಾಮಾನು ಸಲೀಸಾಗಿ ಒಳಗೆ ಬಂತು. ಗಡಿಯ ಹಿಡಿತ ವಾಪಸ್ ತರುತ್ತೇವೆ ಅಂದವರ ಕೆಲಸ ಇದು!

ವಲಸೆ ಕಡಿಮೆಯಾಗುತ್ತದೆ ಅಂದಿದ್ದರು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ದೇಶ ಬಿಟ್ಟವರನ್ನು ಕಳೆದು ಬಂದವರ ಲೆಕ್ಕ 9 ಲಕ್ಷ ದಾಟಿತು. ಯುರೋಪಿನವರು ಕಡಿಮೆಯಾಗಿ, ಭಾರತ ಮತ್ತು ನೈಜೀರಿಯಾದಂಥ ದೇಶಗಳವರು ಹೆಚ್ಚಾದರು. ಆಸ್ಪತ್ರೆ, ವೃದ್ಧಾಶ್ರಮ, ವಿಶ್ವವಿದ್ಯಾಲಯಗಳಿಗೆ ಜನ ಬೇಕು ಅಂತ ಕರೆದದ್ದು ಸರ್ಕಾರವೇ. ಆಮೇಲೆ ಸಂಖ್ಯೆ ಇಳಿದಿದೆ, ಆದರೆ ಮೋಸ ಹೋದೆವು ಅನ್ನುವ ಸಿಟ್ಟು ಇಳಿದಿಲ್ಲ, ಅದು ಈಗ ನಮ್ಮಂಥವರ ಮುಖದ ಕಡೆ ತಿರುಗುತ್ತಿದೆ. ನಗುವ ಮುಂಚೆ ಇಲ್ಲಿರುವ ನಮ್ಮ ಹುಡುಗ ಹುಡುಗಿಯರನ್ನು ಒಮ್ಮೆ ನೆನೆಯಿರಿ.

ಬ್ರೆಕ್ಸಿಟ್ ಆಗಿದ್ದರಿಂದಲೇ ಭಾರತದ ಜೊತೆ ವ್ಯಾಪಾರ ಒಪ್ಪಂದ ಸಾಧ್ಯವಾಯಿತು ಅನ್ನುವವರಿದ್ದಾರೆ. 2025ರ ಜುಲೈನಲ್ಲಿ ಸಹಿಯಾದ ಅದು ಒಳ್ಳೆಯದೇ. ಆದರೆ ಅದರಿಂದ ದೀರ್ಘಕಾಲದಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್ ಲಾಭ ಅಂತ ಸರ್ಕಾರದ್ದೇ ಅಂದಾಜು. ಇದು ದೇಶದ ಆರ್ಥಿಕತೆಯ 1%ರ ಕಾಲು ಭಾಗವೂ ಅಲ್ಲ. ಬ್ರೆಕ್ಸಿಟ್‌ನಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ 4% ಕಡಿಮೆಯಾಗುತ್ತದೆ ಅಂತ ಬಜೆಟ್ ಅಂದಾಜು ಮಾಡುವ ಸರ್ಕಾರಿ ಸಂಸ್ಥೆ ಹೇಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ನಾಳೆಯೇ ಒಕ್ಕೂಟಕ್ಕೆ ವಾಪಸ್ ಹೋಗಬೇಕು ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ಅವಸರದ ಜನಮತ ಬೇಡವೇ ಬೇಡ. ನನಗೆ ಬೇಕಿರುವುದು ಒಂದು ವಿಚಾರಣೆ. ಇರಾಕ್ ಯುದ್ಧಕ್ಕೆ ಹೋದದ್ದು ಹೇಗೆ ಅಂತ ಈ ದೇಶ ಚಿಲ್ಕಾಟ್ ವಿಚಾರಣೆ ಮಾಡಿತು. ಕೋವಿಡ್ ನಿಭಾಯಿಸಿದ್ದು ಹೇಗೆ ಅಂತ ಮಾಜಿ ಪ್ರಧಾನಿಗಳನ್ನೇ ಕೂರಿಸಿ, ಪ್ರಮಾಣ ಮಾಡಿಸಿ ಕೇಳಿತು. ಬ್ರೆಕ್ಸಿಟ್ ಬಗ್ಗೆ ಅಂಥದ್ದೊಂದು ವಿಚಾರಣೆ ಇವತ್ತಿನವರೆಗೂ ಆಗಿಲ್ಲ, ಅಧಿಕಾರಕ್ಕೆ ಬಂದ ಯಾವ ಪಕ್ಷವೂ ಅದಕ್ಕೆ ಮುಂದಾಗಿಲ್ಲ. ಬಿಟ್ಟದ್ದು ತಪ್ಪಾಯಿತು ಅನ್ನುವವರು ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಬಿಟ್ಟದ್ದು ಸರಿ, ಆದರೆ ಹಾಳುಮಾಡಿದರು ಅನ್ನುವವರೂ ಬೇಕಾದಷ್ಟಿದ್ದಾರೆ. ಈ ಇಬ್ಬರಿಗೂ ಉತ್ತರ ಬೇಕು. ತಯಾರಿ ಮಾಡಬೇಡಿ ಅಂತ 2016ರಲ್ಲಿ ಅಧಿಕಾರಿಗಳನ್ನು ತಡೆದದ್ದು ಯಾಕೆ ಅನ್ನುವ ಪ್ರಶ್ನೆಯಿಂದಲೇ ಶುರುಮಾಡಲಿ.

ಇಂತಿ,
ನಿಮ್ಮ ಓದುಗ, ಇಂಗ್ಲೆಂಡ್