ಬಣ್ಣ ಆಮೇಲೆ, ಮೊದಲು ಸಭೆ ಯಾವುದು ಕೇಳು

ರಾಯಚೂರು

ಪ್ರೀತಿಯ ಮಗಳೇ,

ಕ್ಯಾಥೊಲಿಕ್ ಸನ್ಯಾಸಿ ಬ್ರದರ್ ಒಬ್ಬರಿಗೆ ನಿಲುವಂಗಿ ಹೊಲಿಯಲು ಒಪ್ಪಿಕೊಂಡೆ, ಬಟ್ಟೆ ಕಪ್ಪು ತರಲೋ ಬಿಳಿ ತರಲೋ ಎಂದು ಕೇಳಿದ್ದೀ. ಮೊದಲು ಅವರು ಯಾವ ಸಭೆಯವರು, ಅಂದರೆ ಯಾವ ಸನ್ಯಾಸಿ ಪಂಗಡದವರು ಎಂದು ಕೇಳಿಕೊಂಡು ಬಾ ನಮ್ಮವ್ವ. ಚರ್ಚಿನ ಬಲಿಪೂಜೆಗೆ ಗುರುಗಳು ತೊಡುವ ಹಸಿರು, ನೇರಳೆ, ಕೆಂಪು ಮೇಲುವಸ್ತ್ರದ ಲೆಕ್ಕವೇ ಬೇರೆ. ಅದನ್ನು ಪೂಜೆ ಮುಗಿದ ಕೂಡಲೇ ಕಳಚಿ ಮಡಚಿಡುತ್ತಾರೆ. ನೀನು ಹೊಲಿಯಬೇಕಾದದ್ದು ದಿನವಿಡೀ ಮೈಮೇಲಿರುವ ಬಟ್ಟೆ.

ಯಾವ ಸಭೆಗೂ ಸೇರದೆ ಬಿಷಪರ ಕೈಕೆಳಗಿರುವ ಧರ್ಮಪ್ರಾಂತ್ಯದ ಗುರುಗಳದ್ದು ಕ್ಯಾಸಕ್ ಎಂಬ ನಿಲುವಂಗಿ. ಮುಂದೆ ಉದ್ದಕ್ಕೂ ಗುಂಡಿ, ನಿಂತ ಕಾಲರ್, ಅದರೊಳಗೆ ಬಿಳಿ ಪಟ್ಟಿ. ಬಿಸಿಲು ನಾಡುಗಳಲ್ಲಿ ಕಪ್ಪಿನ ಬದಲು ಬಿಳಿ ನಡೆಯುತ್ತದೆ. ಯೇಸುಸ್ವಾಮಿಯ ವಯಸ್ಸಿನ ಲೆಕ್ಕಕ್ಕೆ 33 ಗುಂಡಿ ಬೇಕೆನ್ನುವವರಿದ್ದಾರೆ. ಅದು ರೂಢಿ, ಕಡ್ಡಾಯವಲ್ಲ. ಯೇಸುಸಭೆಯವರಿಗೆ, ಅಂದರೆ ಜೆಸ್ವಿಟರಿಗೆ, ತಮ್ಮದೇ ಎಂಬ ಅಂಗಿಯಿಲ್ಲ, ಆಯಾ ಊರಿನ ಗುರುಗಳು ತೊಡುವುದನ್ನೇ ತೊಡುತ್ತಾರೆ. ಪ್ಯಾಂಟು ಶರ್ಟಿನಲ್ಲೇ ದಿನ ಕಳೆಯುವ ಫಾದರ್‌ಗಳೂ ನಮ್ಮಲ್ಲಿ ಬಹಳ.

ಸಂತ ಫ್ರಾನ್ಸಿಸರ ಸಭೆಯವರಾದ ಫ್ರಾನ್ಸಿಸ್ಕನ್ನರ ಅಂಗಿಗೆ ಮುಂದೆ ಗುಂಡಿಯಿಲ್ಲ, ತಲೆಯಿಂದ ಹಾಕಿಕೊಳ್ಳುವುದು. ಸೊಂಟಕ್ಕೆ ಬಿಳಿ ಹಗ್ಗ, ಅದಕ್ಕೆ ಅವರ ಮೂರು ವ್ರತಗಳ ಗುರುತಾಗಿ ಮೂರು ಗಂಟು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಅವರಲ್ಲೇ ಒಂದು ಶಾಖೆಯಾದ ಕಪುಚಿನ್ನರದು ಉದ್ದನೆಯ ಚೂಪು ಟೋಪಿ, ಅಂಗಿಯ ಕೊರಳಿಗೇ ಸೇರಿದ್ದು. ಅವರ ಹೆಸರು ಬಂದದ್ದೇ ಆ ಟೋಪಿಯಿಂದ. ಇನ್ನೊಂದು ಶಾಖೆಯವರದು ಭುಜ ಮುಚ್ಚುವ ಬಟ್ಟೆಯೊಡನೆ ಬೇರೆಯಾಗಿಯೇ ಹೊಲಿಯುವ ಟೋಪಿ. ಕಂದು ಬಣ್ಣ ಕಂಡ ಕೂಡಲೇ ಫ್ರಾನ್ಸಿಸ್ಕನ್ ಎನ್ನಬೇಡ. ಕಾರ್ಮೆಲ್ ಸಭೆಯವರದೂ ಕಂದೇ, ಆದರೆ ಹಗ್ಗವಿಲ್ಲ, ಚರ್ಮದ ಬೆಲ್ಟು, ಮೇಲೆ ಸ್ಕಾಪುಲರ್. ಸ್ಕಾಪುಲರ್ ಅಂದರೆ ತಲೆ ತೂರುವಷ್ಟು ತೆರವಿರುವ, ಹಿಂದೆ ಮುಂದೆ ಇಳಿಬಿಡುವ ಭುಜದಗಲದ ಪಟ್ಟಿ. ಬೇರೆ ಸಭೆಗಳಲ್ಲಿ ಡೊಮಿನಿಕನ್ನರದು ಬಿಳಿ ಅಂಗಿಗೆ ಬಿಳಿ ಸ್ಕಾಪುಲರ್, ಸಿಸ್ಟರ್ಸಿಯನ್ನರದು ಬಿಳಿ ಅಂಗಿಗೆ ಕಪ್ಪು, ಬೆನೆಡಿಕ್ಟರ ಮಠದವರದು ಎಲ್ಲವೂ ಕಪ್ಪು. ಕೇರಳದ ಕುರಿಶುಮಲ ಆಶ್ರಮದವರು ಕಾವಿಯನ್ನೇ ಉಡುತ್ತಾರೆ.

ನಮ್ಮ ಬಿಸಿಲಲ್ಲಿ ಇಷ್ಟೆಲ್ಲ ಹೇಗೆ ತೊಡುತ್ತಾರೋ ಎಂದು ನಿನಗೆ ಅನ್ನಿಸೀತು. ಆರನೇ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ನಿಯಮದ 55ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ: ಚಳಿಯ ಸೀಮೆಗೆ ಹೆಚ್ಚು ಬಟ್ಟೆ, ಸೆಕೆಯ ಸೀಮೆಗೆ ಕಡಿಮೆ; ಬಣ್ಣ, ಒರಟುತನದ ಚಿಂತೆ ಬೇಡ, ಆ ಊರಲ್ಲಿ ಅಗ್ಗವಾಗಿ ಸಿಗುವುದೇ ಸಾಕು. ಒಗೆಯಲು ಅನುಕೂಲವಾಗಲೆಂದು ಎರಡೆರಡು ಕೊಡಿ ಎಂದೂ ಇದೆ. ಹಾಗಾಗಿ ನೀನೂ ಜೊತೆಯ ಲೆಕ್ಕದಲ್ಲೇ ಬಟ್ಟೆ ತರಿಸು. 1965ರಲ್ಲಿ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ವ್ಯಾಟಿಕನ್ ಮಹಾಸಭೆ ಹೇಳಿದ್ದೂ ಇದನ್ನೇ: ಅಂಗಿ ಸರಳವಿರಲಿ, ಆರೋಗ್ಯಕ್ಕೂ ಕಾಲದೇಶಕ್ಕೂ ಹೊಂದಲಿ. ಪೂರ್ತಿ ಪಾಲಿಯೆಸ್ಟರ್ ತರಬೇಡ. ಇಸ್ತ್ರಿ ಕೆಡುವುದಿಲ್ಲ ನಿಜ, ಆದರೆ ಏಪ್ರಿಲ್ ಮೇನಲ್ಲಿ ಬೆವರು ಒಳಗೇ ನಿಂತು ಕಂಕುಳಲ್ಲಿ ಬೆವರುಸಾಲೆ ಏಳುತ್ತದೆ. ಹತ್ತಿ ಹೆಚ್ಚಿರುವ ಮಿಶ್ರಣ ಒಳ್ಳೆಯದು.

ಐದೂವರೆ ಅಡಿಯ ಆಳಿಗೆ 58 ಇಂಚು ಪನ್ನಾದ, ಅಂದರೆ ಅಗಲದ, ಬಟ್ಟೆ ಸುಮಾರು 4 ಮೀಟರ್ ಬೇಕು, ಟೋಪಿಯಿದ್ದರೆ ಇನ್ನೊಂದು ಮೀಟರ್ ಇಟ್ಟುಕೋ. ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸು. ಕಾಲರಿನೊಳಗೆ ಹಾಕುವ ಕ್ಯಾನ್ವಾಸನ್ನೂ ನೆನೆಸು. ಮೇಲಿನ ಬಟ್ಟೆ ಒಂದು ತೆರ, ಒಳಗಿನದು ಇನ್ನೊಂದು ತೆರ ಕುಗ್ಗಿದರೆ ಮೊದಲ ಒಗೆತಕ್ಕೇ ಕಾಲರ್ ಸುಕ್ಕಾಗುತ್ತದೆ.

ಎಲ್ಲರೂ ಎಡವುವುದು ಉದ್ದದಲ್ಲಿ. ಕತ್ತಿನ ಹಿಂದಿನ ಮೂಳೆಯಿಂದ ಕಾಲಿನ ಹರಡಿನವರೆಗೆ ಅಳತೆ ತೆಗಿ, ಆದರೆ ಸೊಂಟಕ್ಕೆ ಹಗ್ಗ ಬಿಗಿದು ತೆಗಿ. ಹಗ್ಗ ಕಟ್ಟಿದರೆ ಬಟ್ಟೆ ಎರಡಿಂಚಾದರೂ ಮೇಲೇರುತ್ತದೆ. ಅದನ್ನು ಲೆಕ್ಕ ಹಿಡಿಯದಿದ್ದರೆ ಅಂಗಿ ಗಿಡ್ಡ, ಅತಿಯಾಗಿ ಹಿಡಿದರೆ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುತ್ತದೆ. ಕೆಳ ಅಂಚಿಗೆ ಮೂರಿಂಚು ಒಳಮಡಿಕೆ ಬಿಡು, ಮುಂದೆ ಬಿಚ್ಚಿ ಇಳಿಸಬಹುದು. ಜೇಬಿನ ಜಾಗದಲ್ಲಿ ಸೀಳು ಪೂರ್ತಿ ತೆರೆದಿಡು, ಕೈ ಒಳಗಿನ ಪ್ಯಾಂಟಿನ ಜೇಬಿಗೆ ಹೋಗಬೇಕು. ಬೈಕ್ ಓಡಿಸುವವರಾದರೆ ಅಕ್ಕಪಕ್ಕ ಒಳನೆರಿಗೆ ಕೊಡು, ಇಲ್ಲದಿದ್ದರೆ ಕಾಲೆತ್ತಿದಾಗ ಹರಿಯುವುದು ಅಲ್ಲೇ. ಬಳ್ಳಾರಿ ಜೀನ್ಸಿಗೆ ಪಳಗಿದ ಕೈ ನಿನ್ನದು, ಆ ದಪ್ಪ ದಾರ, ಜೋಡಿ ಹೊಲಿಗೆ ಇಲ್ಲಿಗೆ ಬೇಡ. ಹೊಲಿಗೆಯ ಗೆರೆ ಬಿರುಸಾಗಿ ಬಟ್ಟೆ ಬೀಳಬೇಕಾದ ಹಾಗೆ ಬೀಳುವುದಿಲ್ಲ.

ಸಂಡೂರು ಕಡೆಯವರಾದರೆ ಒಗೆಯುವ ಬಗೆಯನ್ನೂ ಹೇಳಿ ಕಳಿಸು. ಅಲ್ಲಿ ಬಿಳಿ ಅಂಚಿಗೆ ಕೂರುವುದು ಗಣಿಯ ಕೆಂಪು ಕಬ್ಬಿಣದ ಧೂಳು. ಒಣಗಿದ್ದಾಗ ಮೊದಲು ಕೊಡವಬೇಕು. ಬ್ಲೀಚಿಂಗ್ ಹಾಕಿದರೆ ಕಲೆ ಇನ್ನೂ ಕಚ್ಚಿಕೊಳ್ಳುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಬಿಡುತ್ತದೆ. ಕಂದು ಅಂಗಿಯ ಜೊತೆ ಬಿಳಿ ಹಗ್ಗ ನೆನೆಸಬಾರದು, ಬಣ್ಣ ಹತ್ತುತ್ತದೆ.

ಟ್ರಯಲ್‌ಗೆ ಬರುವಾಗ ದಿನಾ ಮೆಟ್ಟುವ ಚಪ್ಪಲಿ, ಹಗ್ಗ, ಹಳೆಯ ಅಂಗಿ ಮೂರನ್ನೂ ತರಲು ಹೇಳು. ಹಳೆಯದು ಎಲ್ಲಿ ಸವೆದಿದೆ ನೋಡಿಕೊಂಡು, ಅಲ್ಲಿಗೆ ಒಳಗಿನಿಂದ ಇನ್ನೊಂದು ಪದರ ಕೊಡು.

ನಿನ್ನ ಅಪ್ಪ